ನಾಲ್ಕನೇ ಸಾಲು

ಇಸ್ತ್ರಿ ಅಮ್ಮನ ಬೆರಳು ಕೆಂಪು ಕಾರ್ಡಿನ ಮೇಲೆ ಕೂತಿತು. ಕೂತದ್ದು ಏಳಲಿಲ್ಲ.

"ಜೈಲು," ಅಂದಳು. "ಇದಕ್ಕಿಂತ ದೊಡ್ಡದು ಯಾವುದಾದ್ರೂ ಇದ್ರೆ ಅದನ್ನೂ ತೆಗೀರಿ, ನೋಡೋಣ."

ಇರಲಿಲ್ಲ. ಕಚೇರಿಯವರು ಕೊಟ್ಟಿದ್ದೇ ಐದು ಕಾರ್ಡು. ಬಿಳಿ ಅಂದರೆ ಬರೀ ಎಚ್ಚರಿಕೆ, ಹಳದಿ ಅಂದರೆ ದಂಡ, ಹಸಿರು ಅಂದರೆ ಊರಿನ ಕೆಲಸ ಮಾಡಿಸುವುದು, ನೀಲಿ ಅಂದರೆ ಗಾಡಿಯೋ ಅಂಗಡಿಯೋ ಮುಟ್ಟುಗೋಲು, ಕೆಂಪು ಅಂದರೆ ಜೈಲು. ಕಂಡಲ್ಲಿ ಉಗಿಯುವವರು, ಬಸ್ ನಿಲ್ದಾಣದ ಗಾಜು ಒಡೆಯುವವರು, ಹೊತ್ತುಗೊತ್ತಿಲ್ಲದೆ ಮೈಕು ಹಾಕುವವರು, ಚರಂಡಿಗೆ ಕಸ ಸುರಿಯುವವರು, ಇಂಥವರಿಗೆಲ್ಲ ಏನು ಶಿಕ್ಷೆ ಆಗಬೇಕು ಅಂತ ನಗರಸಭೆ ಹೊಸ ನಿಯಮ ಮಾಡಲು ಹೊರಟಿತ್ತು. ಮಾಡುವ ಮೊದಲು ಜನರನ್ನೊಂದು ಮಾತು ಕೇಳೋಣ ಅಂತ ಅದಕ್ಕೆ ಅನ್ನಿಸಿದ್ದೇ ದೊಡ್ಡದು. ಕೇಳುವ ಕೆಲಸ ಮಾತ್ರ ಫಾರಂ ಅಕ್ಕನ ಪಾಲಿಗೆ ಬಂದಿತ್ತು, ಅಂದರೆ ಅವಳ ಕಾಲಿನ ಪಾಲಿಗೆ. ಮನೆ ಮನೆಗೆ ಫಾರಂ ಹಿಡಿದು ಬರುವವಳನ್ನು ಜನ ಇನ್ನೇನಂತ ಕರೆಯುತ್ತಾರೆ? ಎಲ್ಲ ಬೀದಿಯಲ್ಲೂ ಅವಳು ಫಾರಂ ಅಕ್ಕನೇ.

ಕೆಲಸಕ್ಕೆ ಸೇರಿದ ದಿನವೇ ಸೂಪರ್‌ವೈಸರ್ ಕೂರಿಸಿಕೊಂಡು ಹೇಳಿದ್ದ. ಬರೆದದ್ದನ್ನು ಬರೆದ ಹಾಗೇ ಓದು. ಒಂದಕ್ಷರ ಸೇರಿಸಬೇಡ, ಒಂದಕ್ಷರ ಬಿಡಬೇಡ. ತಲೆ ಆಡಿಸಬೇಡ, 'ಹೌದಾ' ಅನ್ನಬೇಡ, 'ಅಯ್ಯೋ' ಅಂತೂ ಅನ್ನಲೇಬೇಡ. ಮುಖ ಸುಣ್ಣ ಹೊಡೆದ ಗೋಡೆಯ ಹಾಗಿರಬೇಕು. ಹನ್ನೆರಡು ವರ್ಷದಲ್ಲಿ ಆ ಗೋಡೆ ಅವಳ ಮುಖಕ್ಕೆ ಎಷ್ಟು ಅಂಟಿಕೊಂಡಿತ್ತೆಂದರೆ, ಅಡುಗೆ ಹೇಗಿದೆ ಅಂತ ಗಂಡ ಕೇಳಿದರೂ ಅದೇ ಮುಖ. ಪಾಪ, ಆ ಮನುಷ್ಯ ಅಡುಗೆ ಮಾಡುವುದನ್ನೇ ಬಿಟ್ಟ.

ಕಾರ್ಡು ಮುಟ್ಟಿಸಿದ ಮೇಲೆ ಒಂದು ಕಥೆ ಓದಬೇಕು. ಕಥೆ ಅಂದರೆ ಅಜ್ಜಿ ಕಥೆಯಲ್ಲ, ಬರೀ ಮೂರು ಸಾಲು: ತಪ್ಪು ಮಾಡಿದವನೊಬ್ಬ ಯಾರು, ಏನು ಮಾಡಿದ, ಹಿಂದೆ ಮಾಡಿದ್ದನೋ ಇಲ್ಲವೋ. ಅದನ್ನು ಕೇಳಿ ಜನ ಮತ್ತೊಂದು ಸಲ ಕಾರ್ಡು ಮುಟ್ಟಬೇಕು. ಎಷ್ಟು ವರ್ಷವಾದರೂ ಫಾರಂ ಅಕ್ಕನಿಗೆ ಅಚ್ಚರಿ ಹಳತಾಗದೆ ಉಳಿದದ್ದು ಇದೊಂದೇ ಜಾಗದಲ್ಲಿ. ಮೊದಲು ಕೆಂಪನ್ನು ಕುಟ್ಟಿ ತೋರಿಸಿದ ಬೆರಳೇ ಮೂರು ಸಾಲು ಕೇಳಿ ನೀಲಿಯತ್ತ, ಹಸಿರಿನತ್ತ, ಕೆಲವು ಸಲ ಬಿಳಿಯವರೆಗೂ ಸರಿದುಬಿಡುತ್ತಿತ್ತು. ಒಮ್ಮೆ ಒಬ್ಬ ಮಾಂಸದಂಗಡಿಯವನು, ಗಾಜು ಒಡೆಯೋರ ಕೈ ಕಡೀಬೇಕು ಅಂತ ಕತ್ತಿ ಹಿಡಿದೇ ಹೇಳಿದವನು, 'ಇಪ್ಪತ್ತೆರಡರ ಹುಡುಗ, ಅವತ್ತು ಬೆಳಗ್ಗೆ ಕೆಲಸ ಕಳಕೊಂಡಿದ್ದ' ಅಂತ ಅವಳು ಓದಿದ್ದೇ ತಡ, "ಊಟ ಮಾಡಿದ್ನಾ?" ಅಂತ ಕೇಳಿದ್ದ. ಕಥೆಯಲ್ಲಿ ಅದು ಇರಲಿಲ್ಲ. ಇರುವುದು ಇಷ್ಟೇ ಅಂತ ಅವಳು ಗೋಡೆಯ ಮುಖದಲ್ಲೇ ಹೇಳಿದ್ದಳು. ಮೂರು ಸಾಲಿಗೆ ಮನುಷ್ಯ ಇಷ್ಟು ಮೆತ್ತಗಾಗುತ್ತಾನಾ ಅಂತ ಬಸ್ಸಿನಲ್ಲಿ ಮನೆಯವರೆಗೂ ಅದನ್ನೇ ಯೋಚಿಸಿಕೊಂಡು ಹೋಗಿದ್ದಳು.

ಆದರೆ ಈ ಇಳಿಜಾರು ಬೀದಿಯಲ್ಲಿ ಒಂದು ಬೆರಳೂ ಸರಿಯಲಿಲ್ಲ.

ಸರಿಯುವುದಾದರೂ ಹೇಗೆ? ನಾಲ್ಕು ದಿನದ ಹಿಂದಿನ ಮಳೆಯಲ್ಲಿ ಬೀದಿಯ ಮೇಲ್ತುದಿಯ ಚರಂಡಿ ಬಾಯಿ ಕಟ್ಟಿಕೊಂಡು, ನೆಲದಡಿಯಲ್ಲಿ ಹೋಗಬೇಕಾದ ನೀರು ನೆಲದ ಮೇಲೆ ಬಂದು ಸೀದಾ ಮನೆಗಳಿಗೆ ನುಗ್ಗಿತ್ತು. ಯಾವನೋ ಒಬ್ಬ ಪುಣ್ಯಾತ್ಮ ಒಡೆದ ಮನೆಯೊಂದರ ಕಲ್ಲುಮಣ್ಣನ್ನು ಬೆಳಗಾಗುವಷ್ಟರಲ್ಲಿ ಅಲ್ಲಿ ಸುರಿದು ಹೋಗಿದ್ದ. ಗೋಡೆಗಳ ಮೇಲೆ ಮೊಣಕಾಲೆತ್ತರಕ್ಕೆ ಕೆಸರಿನ ಗೆರೆ ಇನ್ನೂ ಹಸಿಯಾಗಿತ್ತು. ಇಸ್ತ್ರಿ ಅಮ್ಮನ ಮನೆಯಲ್ಲಿ ಊರವರ ಬಟ್ಟೆಯ ಗಂಟುಗಳು ಚರಂಡಿ ನೀರು ಕುಡಿದು ಕೂತಿದ್ದವು. ಇಂಥಲ್ಲಿ ಬಂದು, ಇಂಥವನಿಗೆ ಏನು ಮಾಡಬೇಕು ಅಂತ ಕೇಳಿದರೆ ಬಿಳಿ ಕಾರ್ಡು ಯಾರು ಮುಟ್ಟುತ್ತಾರೆ?

ಈ ಬೀದಿಗೆ ಬಂದ ಕಥೆಯೂ ಅದೇ ಆಗಿತ್ತು. ಯಾವ ಬೀದಿಗೆ ಯಾವ ಕಥೆ ಅಂತ ಕಚೇರಿಯಲ್ಲಿ ತಿಂಗಳ ಹಿಂದೆಯೇ ಚೀಟಿ ಎತ್ತಿ ಇಟ್ಟಿದ್ದರು. ಆದರೂ ಲಕೋಟೆ ಬಿಡಿಸಿದಾಗ ಅವಳು ಬೀದಿಯ ಎರಡೂ ಕಡೆ ಕಣ್ಣು ಹಾಯಿಸಿದ್ದಳು. ಯಾರಿಗೋ ಗೊತ್ತಾಗಿದೆ, ಬೇಕಂತಲೇ ಕಳಿಸಿದ್ದಾರೆ ಅನ್ನಿಸಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳು ಕಳ್ಳಿಯಲ್ಲ, ಕಳ್ಳನ ಅಕ್ಕ, ಅಷ್ಟೇ.

ಹೇಗೆ ಗೊತ್ತು ಅಂದರೆ, ಕಲ್ಲುಮಣ್ಣಿನ ಗುಡ್ಡೆಯಲ್ಲಿ ನೀಲಿ ಹೆಂಚು ಇತ್ತು. ನೆಲಕ್ಕೆ ಹಾಸುವ ಹಳೇ ಕಾಲದ ಹೆಂಚು, ನಾಲ್ಕು ಮೂಲೆಗೂ ಒಂದೊಂದು ಬಿಳಿ ಹೂವು. ಅಂಥದ್ದೇ ಒಂದನ್ನು ಹತ್ತು ದಿನದ ಹಿಂದೆ ಅವಳ ತಮ್ಮ ಅಂಗಿಯಲ್ಲಿ ಒರೆಸಿಕೊಂಡು ತಂದಿದ್ದ. ಎಷ್ಟು ಚೆಂದ ಇದೆ ನೋಡಕ್ಕ, ಬಿಸಿ ಪಾತ್ರೆ ಕೆಳಗೆ ಇಟ್ಕೋ ಅಂದಿದ್ದ. ಅವನು ಟೆಂಪೊ ಓಡಿಸುವವನು, ಸ್ವಂತದ್ದು. ಒಡೆಯುವ ಮನೆಯಿಂದ ಊರಾಚೆಯ ಹಳ್ಳಕ್ಕೆ ಕಲ್ಲುಮಣ್ಣು ಸಾಗಿಸುವುದು ಆ ವಾರದ ಕೆಲಸ. ಬೀದಿಗೆ ಕಾಲಿಟ್ಟ ಮೊದಲ ದಿನ, ಲಕೋಟೆ ಬಿಡಿಸುವ ಮೊದಲೇ, ಗುಡ್ಡೆಯ ಮುಂದೆ ನಿಂತು ಅವನಿಗೆ ಫೋನು ಮಾಡಿದ್ದಳು. ಇಳಿಜಾರು ಬೀದಿ ಅಂದದ್ದೇ ತಡ, ಒಂದೊಂದಾಗಿ ಎಲ್ಲ ಹೇಳಿದ. ಆಮೇಲೆ, ನೀರು ನುಗ್ಗುತ್ತೆ ಅಂತ ಗೊತ್ತಿರಲಿಲ್ಲ ಅಕ್ಕ ಅಂದ.

ತನ್ನವರ ಸಂಬಂಧ ಇರುವ ಬೀದಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕು ಅನ್ನುವುದು ಕಚೇರಿಯ ಕಟ್ಟುನಿಟ್ಟು. ಬಿಡಬೇಕಾದರೆ ಯಾಕೆ ಅಂತ ಹೇಳಬೇಕು. ಯಾಕೆ ಅಂತ ಹೇಳಿದರೆ ತಮ್ಮ ಸಿಕ್ಕಿಬಿದ್ದ. ಅವಳು ಹೇಳಲಿಲ್ಲ. ತಾಯಿ ಸತ್ತಾಗ ಅವನಿಗೆ ಒಂಬತ್ತು ವರ್ಷ. ತಲೆ ಬಾಚಿ ಶಾಲೆಗೆ ಕಳಿಸಿದವಳು ಇವಳೇ. ಈಗ ಅವಳ ಕೈಯಲ್ಲೇ ಐದು ಕಾರ್ಡು. ನೀಲಿಗೆ ಜನ ಹೆಚ್ಚಾದರೆ ಅವನ ಟೆಂಪೊ ಹೋಗುತ್ತದೆ, ಕೆಂಪಿಗೆ ಹೆಚ್ಚಾದರೆ ಅವನೇ ಹೋಗುತ್ತಾನೆ. ಈ ಬೀದಿಯದ್ದೇ ಹೊಸ ನಿಯಮದ ಮೊದಲ ಮೊಕದ್ದಮೆ ಆಗಲಿ, ಸಿಕ್ಕಲಿ ಆ ಬೇವರ್ಸಿ ಅಂತ ಬಾಗಿಲು ಬಾಗಿಲಿನಲ್ಲಿ ಜನ ಕಾದು ಕೂತಿದ್ದರು. ಅವಳು ಗೋಡೆಯ ಮುಖ ಇಟ್ಟುಕೊಂಡು ಬರೆದುಕೊಳ್ಳುತ್ತಿದ್ದಳು: ಕೆಂಪು, ಕೆಂಪು, ನೀಲಿ, ಕೆಂಪು.

ಇಸ್ತ್ರಿ ಅಮ್ಮನಿಗೂ ಮೂರು ಸಾಲು ಓದಿದಳು. ಮೂವತ್ತೈದು ವರ್ಷದ ಒಬ್ಬ ವಾಹನ ಚಾಲಕ. ಒಡೆದ ಮನೆಯ ಕಲ್ಲುಮಣ್ಣನ್ನು ಚರಂಡಿಯ ಪಕ್ಕ ಸುರಿದಿದ್ದಾನೆ. ಹಿಂದೆ ಇಂಥ ತಪ್ಪು ಮಾಡಿದವನಲ್ಲ. ಇಸ್ತ್ರಿ ಅಮ್ಮ ಕೇಳಿದಳು, ಕೆಂಪನ್ನೇ ಮತ್ತೆ ಮುಟ್ಟಿದಳು. ಕೊನೆಯಲ್ಲಿ ಮನೆಯವರ ವಿವರ. ಎಷ್ಟು ಜನ? ತಾನೊಬ್ಬಳೇ. ಮಕ್ಕಳು?

"ಒಬ್ಬಳಿದ್ದಳು. ಹನ್ನೊಂದು ದಿನ," ಅಂದಳು ಇಸ್ತ್ರಿ ಅಮ್ಮ. "ಇಪ್ಪತ್ತಾರು ವರ್ಷ ಆಯ್ತು. ಫೋಟೋನೂ ಇಲ್ಲ. ಅದಕ್ಕೆ ಜಾಗ ಇದೆಯಾ ನಿಮ್ಮ ಫಾರಂನಲ್ಲಿ?"

ಫಾರಂನಲ್ಲಿ ಇದ್ದದ್ದು ಹಾಲಿ ಇರುವ ಮಕ್ಕಳಿಗೆ ಒಂದು ಚೌಕ. ಫಾರಂ ಅಕ್ಕ ಅದರಲ್ಲಿ ಸೊನ್ನೆ ಬರೆದಳು. ಬರೆಯುವುದನ್ನು ಇಸ್ತ್ರಿ ಅಮ್ಮ ನೋಡಿದಳು. ಕೆಸರು ಬಟ್ಟೆಯ ಬಕೆಟ್ಟಿಗೆ ಕೈ ಹಾಕಿದಳು.

ಕ್ಷೌರದಂಗಡಿಯವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಉತ್ತರ ಹೇಳಿದ. ಕಥೆ ಓದುವುದೇ ಬೇಡ ಅಂದ. ಅಯ್ಯೋ ಪಾಪ ಅಂದ್ರೆ ಆರು ತಿಂಗಳ ಆಯಸ್ಸು ಕಡಿಮೆಯಂತೆ, ನನಗಿರೋದೇ ಅಷ್ಟು, ಅದನ್ನ ಅವನಿಗೆ ಕೊಡಲಾ ಅಂದ. ಅರ್ಧ ಗಡ್ಡದ ಗಿರಾಕಿ ನಕ್ಕ. ನಿಯಮ ಅಂದರೆ ನಿಯಮ, ಫಾರಂ ಅಕ್ಕ ಮೂರೂ ಸಾಲು ಓದಿಯೇ ಓದಿದಳು. ಕೆಂಪು.

ಬೀದಿಯ ಕಟ್ಟಕಡೆಯ ಮನೆ, ಎಲ್ಲರಿಗಿಂತ ಕೆಳಗೆ ಇದ್ದದ್ದು, ಬೈಂಡಿಂಗ್ ತಾತನದು. ಎಲ್ಲರ ಮನೆ ಹೊಕ್ಕ ನೀರು ಕೊನೆಗೆ ಬಂದು ನಿಂತದ್ದು ಅಲ್ಲಿ. ಅವನಂತೂ ಕೆಂಪನ್ನು ಕುಟ್ಟಿ ತೂತೇ ಮಾಡುತ್ತಾನೆ ಅಂದುಕೊಂಡು ಅವಳು ಬಾಗಿಲು ತಟ್ಟಿದಳು. ದೂಡಿಕೊಂಡು ಬನ್ನಿ ಅಂದ ದನಿ. ದೂಡಿ ಒಳಗೆ ಬಂದವಳು ಅಲ್ಲೇ ನಿಂತಳು.

ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಹತ್ತಾರು ದಾರ ಕಟ್ಟಿತ್ತು. ದಾರದ ತುಂಬ ಹಾಳೆಗಳು. ತಲೆಗಿಂತ ಮೇಲೆ, ಕಣ್ಣಿನ ಮಟ್ಟಕ್ಕೆ, ಸೊಂಟದ ಮಟ್ಟಕ್ಕೆ, ಉದ್ದುದ್ದ ಗೆರೆ ಎಳೆದ ಹಳದಿ ಹಾಳೆಗಳು ಮಡಿಕೆಯ ಮೇಲೆ ತೂಗುತ್ತಿದ್ದವು. ಮೂಲೆಯಲ್ಲಿ ಫ್ಯಾನು ಗೋಡೆಗೆ ಮುಖ ಮಾಡಿ ತಿರುಗುತ್ತಿತ್ತು. ಒದ್ದೆ ಕಾಗದದ ವಾಸನೆ ಗಂಟಲಿಗೇ ಇಳಿಯುವಷ್ಟು ದಟ್ಟವಾಗಿತ್ತು. ಪ್ರತಿ ಹಾಳೆಯಲ್ಲೂ ಕೈಬರಹ, ಸಾಲು ಸಾಲು ಹೆಸರು.

ಹೆರಿಗೆ ಆಸ್ಪತ್ರೆಯ ರಿಜಿಸ್ಟರುಗಳಂತೆ. ಅರವತ್ತು ವರ್ಷದ ಹುಟ್ಟು, ಹತ್ತೊಂಬತ್ತು ಪುಸ್ತಕ, ಹೊಲಿಗೆ ಸಡಿಲಾಗಿದೆ ಅಂತ ಮರುಕಟ್ಟಲು ಕಳಿಸಿದ್ದರು. ಊರಿನಲ್ಲಿ ಇವುಗಳ ಇನ್ನೊಂದು ಪ್ರತಿ ಇಲ್ಲ. ತೊಯ್ದ ಪುಸ್ತಕ ಇಟ್ಟಿಗೆಯ ಹಾಗೆ ಗಟ್ಟಿಯಾಗುವ ಮೊದಲು ಹೊಲಿಗೆ ಬಿಚ್ಚಿ ಒಂದೊಂದೇ ಹಾಳೆ ಬಿಡಿಸಬೇಕು. ಹಸಿಯಲ್ಲಿ ಕಂಡ ಅಕ್ಷರ ಒಣಗಿದ ಮೇಲೂ ಇರುತ್ತದೆ ಅನ್ನುವ ಭರವಸೆ ಇಲ್ಲ, ಅದಕ್ಕೇ ಬಿಡಿಸುತ್ತ ಬಿಡಿಸುತ್ತ ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ತಾತ ಇದನ್ನೆಲ್ಲ ಹೇಳಿದ್ದು ತಲೆ ಎತ್ತದೆ, ಎಲುಬಿನ ತೆಳು ಪಟ್ಟಿಯೊಂದನ್ನು ಎರಡು ಹಾಳೆಗಳ ನಡುವೆ ಉಸಿರು ಬಿಗಿಹಿಡಿದು ತೂರಿಸುತ್ತಲೇ. ದೊಡ್ಡಕ್ಷರ ಬರೆಯುವಷ್ಟು ಕಣ್ಣಿದೆ, ಮಾಸಿದ್ದನ್ನು ಓದುವಷ್ಟಿಲ್ಲ. ಬೀದಿಯಿಂದ ಇಬ್ಬರು ಸಹಾಯಕ್ಕೆ ಬಂದರು, ಒಬ್ಬ ಹಾಳೆ ಹರಿದ, ಒಬ್ಬ ಹೋದ. ಅವರವರ ಮನೆ ಕೆಸರು ಅವರವರಿಗೆ. ಹನ್ನೆರಡು ಪುಸ್ತಕ ಇನ್ನೂ ಉಳಿದಿವೆ, ಇನ್ನೆರಡು ದಿನದಲ್ಲಿ ಬೂಸಲು ಹಿಡಿಯುತ್ತೆ.

ಫಾರಂ ಅಕ್ಕನಿಗೆ ಕೂರಲು ಹೇಳಿದ್ದೂ ಕೇಳಿಸಲಿಲ್ಲ. ಒಂದು ಊರಿಗೆ ಊರೇ ನೆನೆದು ದಾರದ ಮೇಲೆ ಕೂತಿತ್ತು. ಮಾತಾಡಿದರೆ ಎಲ್ಲಿ ಯಾರಾದರೂ ಕೆಳಗೆ ಬೀಳುತ್ತಾರೋ ಅನ್ನುವ ಹಾಗೆ ಅವಳು ಪಿಸುದನಿಯಲ್ಲಿ ಪ್ರಶ್ನೆ ಶುರುಮಾಡಿದಳು.

ತಾತ ಐದೂ ಕಾರ್ಡು ನೋಡಿದ, ಒಂದನ್ನೂ ಮುಟ್ಟಲಿಲ್ಲ. ಯಾರಿಗೆ ಅಂತ ಗೊತ್ತಿಲ್ಲದೆ ಹೇಗೆ ಮುಟ್ಟಲಿ ಅಂದ. ಅವಳು 'ಉತ್ತರವಿಲ್ಲ' ಅನ್ನುವುದಕ್ಕೆ ಗುರುತು ಹಾಕಿ ಮೂರು ಸಾಲು ಓದಿದಳು.

"ಆಮೇಲೆ?" ಅಂದ ತಾತ.

"ಇರೋದು ಇಷ್ಟೇ ತಾತ."

"ಮೂರು ಸಾಲಿನ ಮನುಷ್ಯ ಎಲ್ಲಾದ್ರೂ ಇರ್ತಾನೇನಮ್ಮ? ಇಲ್ಲಿ ನೋಡು, ಹುಟ್ಟಿದ ಒಂದು ಗಂಟೆಗೇ ಒಬ್ಬೊಬ್ಬರಿಗೆ ಏಳೇಳು ಕಾಲಂ ಬರೆದಿದ್ದಾರೆ."

ಬೇರೆ ದಿನವಾಗಿದ್ದರೆ ಇರುವುದು ಇಷ್ಟೇ ಅಂತ ಇನ್ನೊಂದು ಸಲ ಹೇಳಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು. ಆದರೆ ಅವಳ ಕಣ್ಣೆದುರಿಗೆ ಒಂದು ಹಾಳೆಯಿಂದ ನೀಲಿ ಶಾಯಿಯ ಹನಿಯೊಂದು ಇಳಿದು ನೆಲಕ್ಕೆ ಬಿತ್ತು. ಅದು ಯಾರ ಹೆಸರೋ. ಸುಣ್ಣದ ಗೋಡೆ ಬಿರುಕು ಬಿಟ್ಟಿತು.

"ಮೂರು ದಿನದಿಂದ ಅವನು ಸರಿಯಾಗಿ ಮಲಗಿರಲಿಲ್ಲ," ಅಂದಳು. ಅದು ನಾಲ್ಕನೇ ಸಾಲು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಂದ ಕಾಗದದಲ್ಲಿಲ್ಲದ ಮಾತು ಬಂದಿತ್ತು. ಬಂದದ್ದು ನಿಲ್ಲಲಿಲ್ಲ. ಕಲ್ಲುಮಣ್ಣು ಹಾಕುವ ಹಳ್ಳದ ಗೇಟನ್ನು ಸಂಜೆಗೇ ಮುಚ್ಚುತ್ತಾರೆ, ಗಾಡಿಗಳ ಸಾಲು ಕರಗುವುದೇ ಇಲ್ಲ ಅಂದಳು. ಅವತ್ತು ರಾತ್ರಿ, ಬೆಳಗ್ಗೆ ಎದ್ದು ಮತ್ತೆ ಆ ಸಾಲಿನಲ್ಲಿ ನಿಲ್ಲಬೇಕಲ್ಲ ಅಂತ ಬೇಸತ್ತು, ಎಲ್ಲರೂ ಸುರಿಯುತ್ತಾರೆ ನಾನೊಬ್ಬ ಯಾಕೆ ಅಂದುಕೊಂಡು, ಸಿಕ್ಕ ಮೊದಲ ತಿರುವಿನಲ್ಲಿ ಟೆಂಪೊದ ಹಿಂಬಾಗಿಲು ತೆಗೆದ ಅಂದಳು. ಚಿಕ್ಕಂದಿನಲ್ಲಿ ಇರುವೆ ಸಾಲು ದಾಟಬೇಕಾದರೂ ಕಾಲು ಎತ್ತಿ ಇಡುತ್ತಿದ್ದವನು, ಕೆಟ್ಟವನಲ್ಲ...

"ಒಳ್ಳೆಯವನು ಕೆಟ್ಟವನು ಬೇಡ," ಅಂದ ತಾತ. "ಏನು ಮಾಡಿದ ಅಂತ ಹೇಳು, ಸಾಕು."

"ಸುರಿದ. ಸುರಿದು ಮನೆಗೆ ಹೋಗಿ ಮಲಗಿದ. ಮಳೆ ಬಂದ ಮರುದಿನ ಪೇಪರ್‌ನಲ್ಲಿ ಓದಿದ. ನನಗೂ ಹೇಳಲಿಲ್ಲ."

ನನಗೂ ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು. ತಾತ ಎಲುಬಿನ ಪಟ್ಟಿಯನ್ನು ಪಕ್ಕಕ್ಕಿಟ್ಟು ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದ. ಬಯ್ಯುತ್ತಾನೆ, ಹೊರಗೆ ಹೋಗಿ ಬೀದಿಯವರನ್ನೆಲ್ಲ ಕೂಗಿ ಕರೆಯುತ್ತಾನೆ ಅಂತ ಅವಳು ಕಾದಳು. ಅವನು ಕೈ ಚಾಚಿ ಕಾರ್ಡುಗಳನ್ನು ತೆಗೆದುಕೊಂಡ. ಕೆಂಪನ್ನು ಬಹಳ ಹೊತ್ತು ಹಿಡಿದಿದ್ದ.

"ಇವನು ಜೈಲಿಗೆ ಹೋದ್ರೆ ಈ ಹಾಳೆ ಯಾರು ಬಿಡಿಸ್ತಾರೆ?" ಅಂದ. ಆಮೇಲೆ ಹಸಿರನ್ನು ಅವಳ ಕೈಗೆ ವಾಪಸು ಇಟ್ಟ. "ಓದೋಕೆ ಬರುತ್ತಾ ಅವನಿಗೆ?"

"ನಾನೇ ಕಲಿಸಿದ್ದು," ಅಂದಳು. ಅಷ್ಟು ಹೇಳುವಷ್ಟರಲ್ಲಿ ಕಣ್ಣು ತುಂಬಿ, ಎದುರಿನ ಹಾಳೆಗಳೆಲ್ಲ ಒಂದಾಗಿ ಕಂಡವು.

"ನಾಳೆ ಬೆಳಗ್ಗೆ ಎಂಟಕ್ಕೆ ಬರ್ಲಿ. ಮೊದಲು ಸುರಿದದ್ದನ್ನ ಗಾಡಿಗೆ ತುಂಬ್ಲಿ. ಆಮೇಲೆ ಇಲ್ಲಿಗೆ. ಹಿತ್ತಿಲ ಕಡೆಯಿಂದ ಅಲ್ಲ, ಬೀದಿ ಮಧ್ಯೆ ನಡ್ಕೊಂಡು ಬರ್ಲಿ."

ಹಸಿರು ಕಾರ್ಡಿನ ಚೌಕದ ಪಕ್ಕ ಇಷ್ಟನ್ನೆಲ್ಲ ಬರೆಯಲು ಜಾಗ ಇರಲಿಲ್ಲ. ಫಾರಂ ಅಕ್ಕ ಆ ಫಾರಮ್ಮಿಗೆ ಅಡ್ಡಗೆರೆ ಎಳೆದು, ಪ್ರಶ್ನೆ ಕೇಳಿದವಳು ಕಥೆಗೆ ಸಾಲು ಸೇರಿಸಿದ್ದಾಳೆ, ತಪ್ಪಿತಸ್ಥ ಅವಳ ತಮ್ಮ, ಈ ಬೀದಿಯ ಫಾರಂ ಯಾವುದನ್ನೂ ಲೆಕ್ಕಕ್ಕೆ ಹಿಡಿಯಬಾರದು ಅಂತ ಬರೆದು ಸಹಿ ಹಾಕಿ ಕಚೇರಿಗೆ ಕೊಟ್ಟಳು. ಸೂಪರ್‌ವೈಸರ್ ಎರಡು ಸಲ ಓದಿದ. ಹನ್ನೆರಡು ವರ್ಷ ಅಂದ. ನಾಳೆಯಿಂದ ಬರಬೇಕೋ ಬೇಡವೋ ಮೇಲಿನವರನ್ನು ಕೇಳಿ ಹೇಳುತ್ತೇನೆ ಅಂದ.

ತಮ್ಮನದು ಮೊದಲು ಸಿಟ್ಟು. ಯಾಕೆ ಹೇಳಿದೆ, ಯಾರು ಕೇಳಿದ್ದರು ನಿನ್ನ ಅಂತ ಟೆಂಪೊ ತೊಳೆಯುತ್ತಿದ್ದ ನೀರಿನ ಪೈಪನ್ನು ನೆಲಕ್ಕೆ ಎಸೆದ. ಸಿಟ್ಟಿನ ಕೆಳಗೆ ಇದ್ದದ್ದು ಹೆದರಿಕೆ. ಆ ಬೀದಿಯವರು ನನ್ನ ಚರ್ಮ ಸುಲಿಯುತ್ತಾರೆ ಅಂದ. ಸುಲಿಯಬಹುದು ಅಂದಳು ಅಕ್ಕ, ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ. ಅಡುಗೆಮನೆಯಿಂದ ತಂದಿದ್ದ ನೀಲಿ ಹೆಂಚನ್ನು ಟೆಂಪೊ ಸೀಟಿನ ಮೇಲೆ ಇಟ್ಟಳು. "ಇದನ್ನೂ ಅದರ ಜೊತೆ ಹಾಕು. ನನ್ನ ಮನೇಲಿ ಬೇಡ," ಅಂದಳು. ಬಾ ಅಂತ ಕರೆಯಲಿಲ್ಲ.

ಅವನು ಬಂದ. ಎಂಟಕ್ಕಲ್ಲ, ಆರೂವರೆಗೇ. ಚರಂಡಿಯ ಬಾಯಿಯಲ್ಲಿ ಟೆಂಪೊ ನಿಲ್ಲಿಸಿ ಒಬ್ಬನೇ ಸಲಿಕೆ ಹಿಡಿದು ತುಂಬತೊಡಗಿದ. ನಗರಸಭೆಯವರು ಇಷ್ಟು ಬೇಗ ಬಂದರಾ ಅಂತ ಬೀದಿಯವರಿಗೆ ಮೊದಲು ಆಶ್ಚರ್ಯ. ಆಮೇಲೆ ಕ್ಷೌರದಂಗಡಿಯವನು ಹತ್ತಿರ ಹೋಗಿ ಯಾವ ಆಫೀಸಪ್ಪ ಅಂದ. ತಮ್ಮ ಸಲಿಕೆ ನಿಲ್ಲಿಸಿ, ನಾನೇ ಸುರಿದದ್ದು ಅಂದ. ದೂರದ ಕಂಬದ ಬಳಿ ನಿಂತಿದ್ದ ಫಾರಂ ಅಕ್ಕನಿಗೆ ಕೇಳಿಸಲಿಲ್ಲ, ಆದರೆ ಏನು ಹೇಳಿದ ಅನ್ನುವುದು ಕಂಡಿತು. ಕ್ಷೌರದಂಗಡಿಯವನ ಕೈ ಅವನ ಕೊರಳಪಟ್ಟಿಗೆ ಹೋಯಿತು. ಇನ್ನೊಂದು ಕೈ ಮೇಲೆದ್ದಿತು. ಮನೆ ಮನೆಯಿಂದ ಜನ ಬಂದರು. ಇಸ್ತ್ರಿ ಅಮ್ಮ ಫೋನು ಹಿಡಿದು ಪೊಲೀಸರ ನಂಬರು ಒತ್ತುತ್ತಲೇ ಬಂದಳು.

ಕೆಳಗಿನ ಬಾಗಿಲಿನಿಂದ ತಾತ ಕೂಗಿದ. "ಅವನನ್ನ ಮುರೀಬೇಡ್ರಪ್ಪ, ಕೈ ಬೇಕು ನನಗೆ. ಸಂಜೆವರೆಗೆ ಕೊಡಿ. ಆಮೇಲೆ ಪೊಲೀಸ್ರಿಗೆ ಕೊಡ್ತೀರೋ ಏನು ಮಾಡ್ತೀರೋ ನಿಮ್ಮಿಷ್ಟ."

ತಾತನ ಮಾತನ್ನು ತೆಗೆದುಹಾಕುವ ಹಾಗಿರಲಿಲ್ಲ, ಎಲ್ಲರಿಗಿಂತ ಹೆಚ್ಚು ನೆನೆದವನು ಅವನೇ. ಸಂಜೆವರೆಗೆ ಅಂದರೆ ಸಂಜೆವರೆಗೆ ಅಂತ ಕ್ಷೌರದಂಗಡಿಯವನು ಕೊರಳಪಟ್ಟಿ ಬಿಟ್ಟ. ತಮ್ಮ ಉಳಿದದ್ದನ್ನೆಲ್ಲ ತುಂಬಿದ, ಕೊನೆಗೆ ಸೀಟಿನ ಮೇಲಿದ್ದ ಹೆಂಚನ್ನೂ ಹಾಕಿದ. ಬೀದಿಯ ನಡುವೆ ಕೆಳಗಿಳಿದು ಬಂದ. ಎರಡೂ ಕಡೆ ಜನ. ಅವನು ಓಡಿಹೋದರೆ ಅಂತ ಹತ್ತು ಹದಿನೈದು ಜನ ಹಿಂದೆಯೇ ಬಂದು ತಾತನ ಬಾಗಿಲಿಗೆ ಕಾವಲು ನಿಂತರು. ಎಲ್ಲರ ಮುಂದೆ ಇಸ್ತ್ರಿ ಅಮ್ಮ, ಹೆಬ್ಬೆರಳು ಫೋನಿನ ಮೇಲೆ.

ಒಳಗೆ ತಾತ ಅವನ ಕೈ ತೊಳೆಸಿದ, ಒಣಗಿಸಿದ, ಎಲುಬಿನ ಪಟ್ಟಿ ಹಿಡಿಯುವುದು ಹೇಗೆ ಅಂತ ತೋರಿಸಿದ. ಎಳೀಬೇಡ, ಅದೇ ಬಿಡುವವರೆಗೆ ಕಾಯಿ ಅಂದ. ಸ್ಟೇರಿಂಗು ತಿರುಗಿಸಿ ಗಂಟುಗಟ್ಟಿದ ಆ ದಪ್ಪ ಬೆರಳುಗಳು ಮೊದಲ ಹಾಳೆಯ ಅಂಚನ್ನು ಹುಡುಕಿದವು. ಹಾಳೆ ಎದ್ದಿತು. ಹರಿಯಲಿಲ್ಲ. ಬಾಗಿಲಲ್ಲಿ ಯಾರೋ ಹಿಡಿದಿಟ್ಟಿದ್ದ ಉಸಿರು ಬಿಟ್ಟರು, ಬಿಟ್ಟದ್ದಕ್ಕೆ ನಾಚಿ ಕೆಮ್ಮಿದರು.

ಅವನು ಓದತೊಡಗಿದ. ಚಿಕ್ಕಂದಿನಲ್ಲಿ ಅಕ್ಕನ ಮುಂದೆ ಓದುತ್ತಿದ್ದ ಹಾಗೆ, ಒಂದೊಂದು ಅಕ್ಷರಕ್ಕೂ ಒತ್ತು ಕೊಟ್ಟು. ತಾರೀಖು, ಹೊತ್ತು, ಗಂಡೋ ಹೆಣ್ಣೋ, ತೂಕ, ತಂದೆತಾಯಿಯ ಹೆಸರು, ಉದ್ಯೋಗ, ಮನೆ. ತಾತ ದೊಡ್ಡಕ್ಷರದಲ್ಲಿ ಬರೆದುಕೊಂಡ. ಗಂಡು ಮಗು, ತಂದೆ ಬಡಗಿ. ಹೆಣ್ಣು ಮಗು, ತಂದೆ ಅಂಚೆಯವನು. ಅವಳಿ ಹೆಣ್ಣು, ತಾಯಿ ಶಾಲೆಯ ಟೀಚರು. ಮೂರನೇ ಹಾಳೆಯಲ್ಲಿ, ಗಂಡು ಮಗು, ಮೂರೂವರೆ ಕೆಜಿ, ತಂದೆ ಕ್ಷೌರದ ಕೆಲಸ, ಇಳಿಜಾರು ಬೀದಿ ಅಂತ ಓದಿದ. ಬಾಗಿಲಲ್ಲಿ ಎಲ್ಲರೂ ಕ್ಷೌರದಂಗಡಿಯವನ ಕಡೆ ತಿರುಗಿದರು.

"ಮೂರೂವರೆನಾ?" ಅಂದ ಅವನು. ದನಿ ಬೆಳಗಿನದ್ದಾಗಿರಲಿಲ್ಲ. "ನಮ್ಮಮ್ಮ ನಾಲ್ಕು ಅಂತಿದ್ರು."

ಯಾರೋ ನಕ್ಕರು. ಆಮೇಲೆ ಯಾರೂ ಮನೆಗೆ ಹೋಗಲಿಲ್ಲ. ಹಿಂದೆ ನಿಂತವರು ಮುಂದೆ ಬಂದರು, ಮುಂದೆ ನಿಂತವರು ಹೊಸ್ತಿಲ ಮೇಲೆ ಕೂತರು. ಪ್ರತಿ ಹೆಸರಿಗೂ ಒಂದು ತಲೆ ಎತ್ತುತ್ತಿತ್ತು. ನಮ್ಮತ್ತೆ ಅಂತ ಒಬ್ಬಳು ಅಂದಳು. ನನ್ನ ಜೊತೆ ಓದಿದವನು, ಈಗ ಇಲ್ಲ ಅಂತ ಒಬ್ಬ ಅಂದ. ಫಾರಂ ಅಕ್ಕ ಗುಂಪಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಇಷ್ಟು ಮನೆಯ ಬಾಗಿಲು ತಟ್ಟಿ ಇಷ್ಟು ಪ್ರಶ್ನೆ ಕೇಳಿದ್ದೇನೆ, ಜನ ಹೀಗಿರುತ್ತಾರೆ ಅಂತ ಒಂದು ಫಾರಂನಲ್ಲೂ ಬರೆದುಕೊಳ್ಳಲಿಲ್ಲವಲ್ಲ ಅಂತ ಅವಳಿಗೆ ಅನ್ನಿಸಿತು. ಇದು ಕ್ಷಮೆ ಅಂತ ಅವಳು ಅಂದುಕೊಳ್ಳಲಿಲ್ಲ. ಸಂಜೆ ಇನ್ನೂ ಬಾಕಿ ಇತ್ತು, ಇಸ್ತ್ರಿ ಅಮ್ಮನ ಹೆಬ್ಬೆರಳು ಫೋನಿನ ಮೇಲೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಪುಸ್ತಕ ಬಿಚ್ಚಿದರು. ಎಲ್ಲಕ್ಕಿಂತ ಹೆಚ್ಚು ನೆನೆದದ್ದು ಅದೇ. ಒಂದು ಹಾಳೆ ಎಷ್ಟು ಹೊತ್ತಾದರೂ ಬಿಡಲಿಲ್ಲ. ತಮ್ಮ ಕಾದ. ಹಣೆಯ ಬೆವರು ಹಾಳೆಗೆ ಬೀಳದಂತೆ ಭುಜಕ್ಕೆ ಒರೆಸಿಕೊಂಡ, ಮತ್ತೆ ಕಾದ. ಕೊನೆಗೆ ಅದು ತಾನಾಗಿ ಮೇಲೆದ್ದಿತು. ಶಾಯಿ ಅರ್ಧ ಹರಿದುಹೋಗಿತ್ತು. ಅವನು ಕಿಟಕಿಯ ಬೆಳಕಿಗೆ ಹಿಡಿದು, ತಡವರಿಸಿ ತಡವರಿಸಿ ಓದಿದ.

"ಹೆಣ್ಣು ಮಗು. ಬೆಳಗ್ಗೆ ಆರು ಹತ್ತು. ಎರಡು ಕೆಜಿ... ನೂರು ಗ್ರಾಂ." ತಾಯಿಯ ಹೆಸರು ಓದಿದ. "ತಾಯಿ ಉದ್ಯೋಗ, ಇಸ್ತ್ರಿ. ಮನೆ ನಂಬರು ಹನ್ನೊಂದು."

ಹೊಸ್ತಿಲಿನ ಗದ್ದಲ ನಿಂತುಹೋಯಿತು. ಯಾಕೆ ಅಂತ ತಮ್ಮನಿಗೆ ತಿಳಿಯಲಿಲ್ಲ. ತಪ್ಪು ಓದಿದೆನೇನೋ ಅಂತ ಹೆದರಿ ತಲೆ ಎತ್ತಿದ. ಗೋಡೆಗೆ ಒರಗಿದ್ದ ಅಕ್ಕನಿಗೆ ತಿಳಿದಿತ್ತು. ತಾನು ಬರೆದ ಸೊನ್ನೆ ಅವಳ ಕಣ್ಣೆದುರಿಗೆ ಬಂತು.

ಇಸ್ತ್ರಿ ಅಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದಳು. ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ನೀರಿನಲ್ಲಿ ನೆನೆದು ಸುಕ್ಕುಗಟ್ಟಿದ ಎರಡೂ ಕೈ ಚಾಚಿ ಹಾಳೆಯ ಇನ್ನೊಂದು ಅಂಚನ್ನು ಹಿಡಿದಳು.

"ಇನ್ನೊಂದ್ಸಲ ಓದು," ಅಂದಳು.

ಅವನು ಮೊದಲಿನಿಂದ ಓದಿದ. ಈ ಸಲ ತಡವರಿಸಲಿಲ್ಲ. ತಾತ ಬರೆದುಕೊಂಡ. ಓದಿ ಮುಗಿದ ಮೇಲೆ ಇಬ್ಬರೂ ಹಾಳೆಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದುಕೊಂಡು, ತೂಗುವ ಹಾಳೆಗಳ ಕೆಳಗೆ ತಲೆ ಬಗ್ಗಿಸಿ, ಖಾಲಿ ದಾರದ ಕಡೆ ಮೆಲ್ಲಗೆ ಹೆಜ್ಜೆ ಇಟ್ಟರು.